ಆರನೆಯ ಹಾಡಿಗೆ ಕೆಂಪು ಸ್ಟಿಕ್ಕರ್

ನನ್ನ ಬೇಡಿಕೆ ದೊಡ್ಡದೇನೂ ಆಗಿರಲಿಲ್ಲ. ಭಾನುವಾರ ಊಟವಾದ ಮೇಲೆ ಮಲಗಬೇಕು, ಅಷ್ಟೆ. ಒಡವೆ ಕೇಳಲಿಲ್ಲ, ಪ್ರವಾಸ ಕೇಳಲಿಲ್ಲ. ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕ್ಕರ್. ಸಾಲುಸಾಲು ಹೊಲಿಗೆ ಯಂತ್ರಗಳು ಒಟ್ಟಿಗೆ ಗರಗರ ಎನ್ನುವ ಶೆಡ್ಡಿನಲ್ಲಿ ನಿಂತು, ಅಂಗಿಯ ಕಾಲರು, ಕಂಕುಳು, ಕಾಜ ಎಲ್ಲವನ್ನೂ ಎಳೆದೆಳೆದು ನೋಡಿ, ತಪ್ಪಿರುವ ಜಾಗಕ್ಕೆ ಸರಿಯಾಗಿ ಕೆಂಪು ಸ್ಟಿಕ್ಕರ್ ಅಂಟಿಸುವುದು ನನ್ನ ಉದ್ಯೋಗ. ಅಂಥ ಸದ್ದಿನಲ್ಲಿ ವಾರವೆಲ್ಲ ಕಳೆದವಳಿಗೆ ರಜೆಯ ಮಧ್ಯಾಹ್ನ ನಿಶ್ಶಬ್ದ ಬೇಕು ಅನ್ನಿಸಿದರೆ ಅದು ಐಷಾರಾಮವಲ್ಲ, ಔಷಧಿ.

ಆದರೆ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಮಹಾಸಭೆ ಸೇರುತ್ತದೆ.

ಸಭೆಯ ಸದಸ್ಯರು ಮೂವರು. ಮೊದಲನೆಯವರು ನನ್ನ ಗಂಡ. ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವರು. (ಊರಿನವರ ದೃಷ್ಟಿಯನ್ನೆಲ್ಲ ಸರಿಪಡಿಸುವ ಇವರಿಗೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಮಾತ್ರ ಕಾಣುವುದಿಲ್ಲ.) ಎರಡನೆಯವರು ಇವರ ಅಣ್ಣ, ಅಂದರೆ ನನ್ನ ಭಾವ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಒಂದು ಆಯುಷ್ಯವೆಲ್ಲ ಬೇರೆಯವರ ತೀರ್ಪುಗಳನ್ನು ಟೈಪು ಮಾಡಿದ್ದರಿಂದ ಈಗ ಕಾಫಿಗೆ ಸಕ್ಕರೆ ಕಡಿಮೆಯಾಗಿದೆ ಎಂಬುದನ್ನೂ ಆದೇಶದ ಧಾಟಿಯಲ್ಲೇ ಹೇಳುತ್ತಾರೆ. ಮೂರನೆಯವರು ಪೇಂಟರ್. ಮನೆಗಳಿಗೆ ಬಣ್ಣ ಬಳಿಯುವವರು, ನನ್ನ ಗಂಡನ ಜೊತೆ ಓದಿದವರು. ಓದಿದ್ದಕ್ಕೆ ಇಬ್ಬರಲ್ಲೂ ಬೇರೆ ಸಾಕ್ಷಿ ಇಲ್ಲ. ಇಬ್ಬರೂ ಸೇರಿ ಕೊಂಡ ಒಂದು ಎಲ್‌ಪಿ ರೆಕಾರ್ಡ್ ಮಾತ್ರ ಇದೆ.

ಸಭೆಯ ವಿಷಯವೇ ಆ ರೆಕಾರ್ಡ್. ಅದೊಂದು ರಾಕ್ ಆಲ್ಬಮ್. ಕವರಿನ ಮೇಲೆ ಉದ್ದ ಕೂದಲಿನ ನಾಲ್ವರು ನೀರಿಲ್ಲದ ಈಜುಕೊಳದ ತಳದಲ್ಲಿ ನಿಂತು ಆಕಾಶ ನೋಡುತ್ತಿದ್ದಾರೆ. ನಮ್ಮತ್ತೆ ಅದನ್ನು ನೋಡಿದಾಗಲೆಲ್ಲ, "ಪಾಪ, ಆ ಹುಡುಗರನ್ನ ಇನ್ನೂ ಯಾರೂ ಮೇಲಕ್ಕೆತ್ತಿಲ್ವಾ?" ಎಂದು ಕೇಳುತ್ತಾರೆ. ಆ ತಂಡ ಮಾಡಿದ ಆಲ್ಬಮ್ ಅದೊಂದೇ. ಆಮೇಲೆ ಡ್ರಮ್ಮರ್‌ನನ್ನು ಬದಲಾಯಿಸಿ ಅವೇ ಹಾಡುಗಳನ್ನು ಇನ್ನೊಮ್ಮೆ ಹಾಡಿದರಂತೆ. ಮೊಬೈಲಿನಲ್ಲಿ ಸಿಗುವುದು ಆ ಎರಡನೆಯದು. ಅದನ್ನು ಈ ಮೂವರು ಹೊಸ್ತಿಲು ದಾಟಲು ಬಿಡುವುದಿಲ್ಲ. ಎರಡನೆಯ ಡ್ರಮ್ಮರ್ ಬಗ್ಗೆ ಅವರು ಮಾತಾಡುವ ರೀತಿ ಕೇಳಿದರೆ, ಅವನು ನಮ್ಮ ಮನೆಯಿಂದ ಏನೋ ಕದ್ದೊಯ್ದಿದ್ದಾನೆ ಎಂದೇ ಹೊರಗಿನವರು ತಿಳಿಯಬೇಕು.

ಆಲ್ಬಮ್ಮಿನಲ್ಲಿ ಹತ್ತು ಹಾಡುಗಳಿವೆ. ಅವುಗಳಲ್ಲಿ ಒಂಬತ್ತು ಅಮರ ಎಂಬುದರಲ್ಲಿ ಮೂವರಿಗೂ ಒಮ್ಮತವಿದೆ. ಉಳಿದ ಒಂದು ಯಾವುದು ಎಂಬುದೇ ಜಗಳ.

"ಮೂರನೇದು," ಎನ್ನುತ್ತಾರೆ ನನ್ನ ಗಂಡ. "ಡ್ರಮ್ಮು ಒಂದು ಹೆಜ್ಜೆ ಹಿಂದೆ ಬರ್ತಿದೆ. ಬಸ್ಸು ತಪ್ಪಿಸ್ಕೊಂಡು ಓಡ್ತಿರೋನ ಹಾಗೆ."

"ಡ್ರಮ್ಮಿನ ಮೇಲೆ ಕೈ ಇಡಬೇಡಪ್ಪ," ಎಂದು ಪೇಂಟರ್ ಎದೆ ಮುಟ್ಟಿಕೊಳ್ಳುತ್ತಾರೆ. "ಒಂಬತ್ತನೇದು ಕೇಳು. ಆ ಮಕ್ಕಳ ಕೋರಸ್ಸು! ರಾಕ್ ಹಾಡಿಗೆ ಸ್ಕೂಲ್ ಮಕ್ಕಳು ಯಾಕಯ್ಯಾ?"

"ಮೂರೂ ಅಲ್ಲ, ಒಂಬತ್ತೂ ಅಲ್ಲ," ಎಂದು ಭಾವ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಏಳನೆಯ ಹಾಡಿನಲ್ಲಿ ಗಿಟಾರ್ ವಾದನವು ವಿನಾಕಾರಣ ವಿಳಂಬವಾಗಿದೆ. ವಿಳಂಬಕ್ಕೆ ಸೂಕ್ತ ಸಮಜಾಯಿಷಿ ನೀಡಲಾಗಿಲ್ಲ."

"ಅಣ್ಣಾ, ಅದು ವಿಳಂಬ ಅಲ್ಲ, ಸೋಲೋ! ಗಿಟಾರ್ ಒಂಟಿಯಾಗಿ ನುಡಿಸೋದು!" ಎನ್ನುತ್ತಾರೆ ನನ್ನ ಗಂಡ.

"ಹೌದೋ ಅಲ್ಲವೋ ಕೇಳಿ ನೋಡೋಣ. ಸೂಜಿ ಇಡು."

ಸೂಜಿ ಇಡುತ್ತಾರೆ. ಗೋಡೆಯ ಮೇಲಿನ ಕ್ಯಾಲೆಂಡರ್ ಅಲ್ಲಾಡುತ್ತದೆ. ಒಳಕೋಣೆಯಲ್ಲಿ ನಾನು ಎಡಕ್ಕೆ ಹೊರಳಿದರೆ ಮೂರನೆಯದು, ಬಲಕ್ಕೆ ಹೊರಳಿದರೆ ಒಂಬತ್ತನೆಯದು. ಬೋರಲು ಮಲಗಿದರೆ ಮಂಚದ ಕಾಲಿನ ಮೂಲಕ ಏಳನೆಯದು ಮೇಲೇರಿ ಬರುತ್ತದೆ. ಎದ್ದು ಕೂರುತ್ತೇನೆ, ಮತ್ತೆ ಮಲಗುತ್ತೇನೆ, ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತೇನೆ. ನಮ್ಮತ್ತೆಗೆ ಈ ತೊಂದರೆ ಇಲ್ಲ. ಕಿವಿ ಮಂದ, ಮೂವರ ಎದುರಿಗೇ ಕುರ್ಚಿಯಲ್ಲಿ ಕೂತು, ಯಾರ ಬಾಯಿ ಅಲ್ಲಾಡುತ್ತದೋ ಅವರ ಕಡೆ ತಲೆದೂಗುತ್ತಾರೆ. ಇದರಿಂದಾಗಿ ಮೂವರೂ ಅತ್ತೆ ತಮ್ಮ ಪಕ್ಷ ಎಂದು ನಂಬಿದ್ದಾರೆ.

ಒಂದು ಭಾನುವಾರ ನನ್ನ ತಾಳ್ಮೆಯ ಹೊಲಿಗೆ ಬಿಚ್ಚಿತು. ಕೂದಲು ಕೆದರಿಕೊಂಡು ಹೊರಗೆ ಬಂದೆ.

"ರೀ, ಇದು ಯಾವಾಗ್ರೀ ಮುಗಿಯೋದು?"

"ಯಾವುದು? ಹಾಡಾ?" ಎಂದರು ನನ್ನ ಗಂಡ.

"ಜಗಳ!"

"ಇದು ಜಗಳ ಅಲ್ಲ ಅತ್ತಿಗೆ, ಚರ್ಚೆ," ಎಂದರು ಪೇಂಟರ್, ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತ.

"ಏನಾದ್ರೂ ಆಗ್ಲಿ. ನಮ್ಮ ಫ್ಯಾಕ್ಟರೀಲಿ ರಾಶಿ ಅಂಗಿ ಬರುತ್ತೆ. ಯಾವುದು ಕೆಟ್ಟದ್ದು ಅಂತ ನಾವು ಕೂತ್ಕೊಂಡು ಚರ್ಚೆ ಮಾಡಲ್ಲ. ಎಳೆದು ನೋಡ್ತೀವಿ, ಕೆಂಪು ಸ್ಟಿಕ್ಕರ್ ಹಚ್ತೀವಿ. ಹಚ್ಚಿದ ಮೇಲೆ ಮ್ಯಾನೇಜರ್ರೂ ಬಾಯಿ ತೆಗೆಯೋ ಹಾಗಿಲ್ಲ. ಈ ಹತ್ತರಲ್ಲಿ ಸೊಟ್ಟಗಿರೋದು ಯಾವುದು ಅಂತ ನಾನು ಹೇಳ್ತೀನಿ. ಹೇಳಿದ ಮೇಲೆ ಮುಗೀತು. ಭಾನುವಾರ ಮಧ್ಯಾಹ್ನ ಈ ಮನೇಲಿ ಇದರ ಮಾತೆತ್ತಬಾರದು. ಒಪ್ಪಿಗೆನಾ?"

ಮೂವರೂ ಮುಖ ಮುಖ ನೋಡಿಕೊಂಡರು. ಮೂವರ ಮುಖದಲ್ಲೂ ಒಂದೇ ತರದ ನಗು. ಇವಳಿಗೆ ಕಿವಿ ಅಂತ ಇದ್ದರೆ ನನ್ನ ಹಾಡನ್ನೇ ಹೇಳುತ್ತಾಳೆ ಎಂಬ ನಗು.

"ಮಧ್ಯಸ್ಥರ ತೀರ್ಮಾನಕ್ಕೆ ಉಭಯ ಪಕ್ಷಗಳೂ ಬದ್ಧ," ಎಂದರು ಭಾವ.

"ಪಕ್ಷ ಮೂರಿವೆ ಅಣ್ಣ," ಎಂದರು ನನ್ನ ಗಂಡ.

"ಉಭಯ ಎಂದರೆ ಅದೂ ಸೇರಿತು," ಎಂದು ಭಾವ ಕಾನೂನನ್ನು ಅಲ್ಲೇ ತಿದ್ದಿದರು. ಅತ್ತೆ ತಲೆದೂಗಿದರು.

ಅದೇ ವಾರ ಕಾರ್ಖಾನೆಯಲ್ಲಿ ಬಾಯ್ಲರ್ ರಿಪೇರಿಗೆ ಬಂದು ನಮಗೆ ಎರಡು ದಿನ ರಜೆ ಸಿಕ್ಕಿತು. ಗಂಡ ಅಂಗಡಿಗೆ ಹೋದ ಮೇಲೆ ಬಾಗಿಲು ಹಾಕಿ, ಟೇಬಲ್ ಒರೆಸಿ, ಪ್ಲೇಯರಿನ ಮೇಲೆ ರೆಕಾರ್ಡ್ ಇಟ್ಟೆ. ನಾನು ಅದನ್ನು ಎದುರಿಗೆ ಕೂತು ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಗೋಡೆಯ ಮೂಲಕವೇ ಕೇಳಿದ್ದು.

ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಬಟ್ಟೆ ಚೆನ್ನಾಗಿದೆಯೇ ಎಂದು ನೋಡಬಾರದು. ಬಣ್ಣ, ಮಿನುಗು, ವಿನ್ಯಾಸ ನೋಡುತ್ತ ಕೂತವಳು ಚೆಕ್ಕರ್ ಅಲ್ಲ, ಗಿರಾಕಿ. ಹೊಲಿಗೆ ಎಲ್ಲಿ ಬಿಡುತ್ತದೆ ಎಂಬುದಷ್ಟನ್ನೇ ಹುಡುಕಬೇಕು. ನಾನು ಹಾಡುಗಳನ್ನೂ ಹಾಗೆಯೇ ಎಳೆದು ನೋಡಿದೆ. ಮೂರನೆಯದರ ಡ್ರಮ್ಮು ಹಿಂದೆ ಬೀಳುವುದು ನಿಜ, ಆದರೆ ಕೊನೆಯವರೆಗೂ ಒಂದೇ ಸಮನೆ ಹಿಂದೆ ಬೀಳುತ್ತದೆ. ಸಮನಾದ ತಪ್ಪನ್ನು ನಾವು ವಿನ್ಯಾಸ ಎಂದು ಪಾಸು ಮಾಡುತ್ತೇವೆ. ಏಳನೆಯದರ ಗಿಟಾರ್ ಉದ್ದವೇನೋ ಹೌದು. ಉದ್ದವನ್ನು ಮಡಚಿ ಹೊಲಿಯಬಹುದು. ಒಂಬತ್ತನೆಯದರ ಮಕ್ಕಳಲ್ಲಿ ಒಂದು ಮಗು ಉಳಿದವರಿಗಿಂತ ಮೊದಲೇ ಬಾಯಿ ತೆಗೆಯುತ್ತದೆ. ಅದೂ ಕ್ಷಮಾರ್ಹ.

ಆದರೆ ಆರನೆಯದು! ರೆಕಾರ್ಡಿನ ಎರಡನೆಯ ಮಗ್ಗುಲಿನ ಮೊದಲ ಹಾಡು. ಯಾರೂ ಅದರ ಹೆಸರೆತ್ತಿದ್ದನ್ನೇ ನಾನು ಕೇಳಿರಲಿಲ್ಲ. ಒಂದು ಗಿಟಾರು, ಒಂದು ದನಿ, ಮತ್ತೇನಿಲ್ಲ. ಎರಡನೆಯ ಚರಣದ ನಡುವೆ, ನನ್ನ ಕಿವಿ ಸುಳ್ಳು ಹೇಳುವುದಿಲ್ಲ, ಹಾಡುವವನು ಕೆಮ್ಮುತ್ತಾನೆ. ಕೆಮ್ಮಿದ್ದೂ ಅಲ್ಲದೆ ಏನೂ ಆಗದವನ ಹಾಗೆ ಮುಂದುವರಿಯುತ್ತಾನೆ. ಅದೇ ಹೊತ್ತಿಗೆ ಯಾರೋ ಕುರ್ಚಿ ಎಳೆದ ಸದ್ದು. ಬಹುಶಃ ನೀರು ತರಲು ಎದ್ದಿರಬೇಕು.

ಖಚಿತ ಮಾಡಿಕೊಳ್ಳಲು ಮತ್ತೆ ಹಾಕಿದೆ. ಕೆಮ್ಮು ಇತ್ತು. ಮತ್ತೆ ಹಾಕಿದೆ. ಮಧ್ಯಾಹ್ನದ ಊಟ ತಣ್ಣಗಾಯಿತು. ಮರುದಿನವೂ ಹಾಕಿದೆ, ಕೆಮ್ಮಿನ ಮೊದಲು ಅವನು ಉಸಿರೆಳೆದುಕೊಳ್ಳುವುದು, ಕೆಮ್ಮಿದ ಮೇಲೆ ಗಿಟಾರಿನವನು ಒಂದು ಗಳಿಗೆ ತಡೆದು ನಿಲ್ಲುವುದು, ಎಲ್ಲ ಕೇಳಿಸತೊಡಗಿತು. ಇಷ್ಟು ಸ್ಪಷ್ಟವಾದ ತಪ್ಪನ್ನು ನಾನು ಯಾವ ಅಂಗಿಯಲ್ಲೂ ನೋಡಿರಲಿಲ್ಲ.

ರಿಜೆಕ್ಟ್.

ಈಗ ನಾನು ಮಾಡಿದ್ದನ್ನು ಕೇಳಿ ನೀವು ಹೌಹಾರಬಾರದು. ನಮ್ಮಲ್ಲಿ ತಪ್ಪು ಎಲ್ಲಿದೆಯೋ ಅಲ್ಲೇ ಸ್ಟಿಕ್ಕರ್ ಹಚ್ಚುವುದು ನಿಯಮ. ಅಂಗಿಯ ಕಂಕುಳಿನಲ್ಲಿ ತಪ್ಪಿದ್ದರೆ ಕಂಕುಳಿಗೆ. ಪೆಟ್ಟಿಗೆಗೆ ಹಚ್ಚಿ ಕೈತೊಳೆದುಕೊಳ್ಳುವವಳಿಗೆ ಕೆಲಸ ಗೊತ್ತಿಲ್ಲ ಎಂದರ್ಥ. ರೆಕಾರ್ಡನ್ನು ಬೆಳಕಿಗೆ ಹಿಡಿದರೆ ಒಂದೊಂದು ಹಾಡೂ ಒಂದೊಂದು ಬಳೆಯಂತೆ ಬೇರೆ ಬೇರೆ ಕಾಣುತ್ತದೆ. ಕಾರ್ಖಾನೆಯ ಬಾಣದ ಆಕಾರದ ಕೆಂಪು ಸ್ಟಿಕ್ಕರ್ ನನ್ನ ಬ್ಯಾಗಿನಲ್ಲಿ ಸದಾ ಇರುತ್ತದೆ. ಎಲ್ಲಕ್ಕಿಂತ ಹೊರಗಿನ ಬಳೆಯ ಮೇಲೆ, ಬಾಣದ ತುದಿ ಸುಮಾರು ಕೆಮ್ಮಿನ ಜಾಗಕ್ಕೆ ಬರುವಂತೆ, ಅಂಟಿಸಿ ಹೆಬ್ಬೆರಳಿನಿಂದ ಒತ್ತಿದೆ. ಬಟ್ಟೆಯಿಂದ ಅದು ಒಂದು ಎಳೆತಕ್ಕೆ ಬಂದುಬಿಡುತ್ತದೆ. ರೆಕಾರ್ಡು ಬಟ್ಟೆಯಲ್ಲ ಎಂಬುದು ನನ್ನ ಅನುಭವದ ವ್ಯಾಪ್ತಿಗೆ ಹೊರಗಿನ ವಿಷಯ.

ಭಾನುವಾರ ಮೂವರೂ ಮಾಮೂಲಿಗಿಂತ ಮೊದಲೇ ಬಂದು ಕೂತರು. ನಾನು ರೆಕಾರ್ಡನ್ನು ತಟ್ಟೆಯಲ್ಲಿ ಊಟ ತಂದಂತೆ ತಂದು ನಡುವೆ ಇಟ್ಟೆ.

ಮೂವರೂ ಒಟ್ಟಿಗೆ ಬಗ್ಗಿ ನೋಡಿದರು.

"ಇದೇನೇ ಇದು?" ನನ್ನ ಗಂಡನ ದನಿ ಕೆಳಗಿಳಿದಿತ್ತು.

"ತೀರ್ಮಾನ. ಆರನೇದು. ಅವನು ನಡುವೆ ಕೆಮ್ತಾನೆ."

"ಆರನೇದಾ?" ಪೇಂಟರ್ ಎದ್ದು ನಿಂತರು. "ಅತ್ತಿಗೆ, ಆರನೇದನ್ನ ನಾವು ಚರ್ಚೆಗೇ ತಂದಿಲ್ಲ! ಅದರ ಬಗ್ಗೆ ಮಾತಾಡೋದೇ ತಪ್ಪು ಅಂತ ಬಿಟ್ಟಿದ್ವಿ!"

"ಆ ಕೆಮ್ಮೇ ಆ ಹಾಡಿನ ಜೀವ ಕಣೇ," ಎಂದರು ಇವರು. "ಅದು ಕೆಮ್ಮಲ್ಲ, ದುಃಖ!"

"ದುಃಖ ಆಗಿದ್ರೆ ಕುರ್ಚಿ ಯಾಕೆ ಎಳೀತಾರೆ?"

"ಪ್ರಶ್ನೆ ಅಪ್ರಸ್ತುತ," ಎಂದರು ಭಾವ. "ಮೊದಲು ಆ ವಸ್ತುವನ್ನು ತೆರವುಗೊಳಿಸಿ."

ನನ್ನ ಗಂಡ ಕನ್ನಡಕದ ಸಣ್ಣ ಸ್ಕ್ರೂ ತಿರುಗಿಸುವ ಬೆರಳುಗಳಿಂದಲೇ ಸ್ಟಿಕ್ಕರಿನ ಅಂಚು ಹಿಡಿದು ಎಬ್ಬಿಸಿದರು. ಕಾಗದ ಬಂತು. ಅಂಟು ಬರಲಿಲ್ಲ. ಬಾಣದ ಆಕಾರದ ಮಂದ ಅಂಟು, ಗೆರೆಗಳೊಳಗೆ ಇಳಿದು ಆರಾಮಾಗಿ ಕೂತಿತ್ತು. ಬಿಸಿನೀರಿನ ಬಟ್ಟೆ ಇಟ್ಟರು. ಅಂಟು ಅಗಲವಾಯಿತು. ಉಗುರಿನಿಂದ ಕೆರೆಯಲು ಹೋದರು; ಭಾವ ಹಾ ಹಾ ಎಂದು ಕೈ ಹಿಡಿದುಕೊಂಡರು.

"ಎಲ್ರೂ ಸರೀರಿ," ಎಂದರು ಪೇಂಟರ್. "ನನ್ನ ಕೈಲಿ ಹೋಗದೆ ಇರೋ ಕಲೆ ಈ ಊರಲ್ಲಿ ಇಲ್ಲ." ಸೈಕಲ್ಲಿಗೆ ಸದಾ ತಗುಲಿಸಿಕೊಂಡಿರುವ ಡಬ್ಬ ತಂದರು. ಬಣ್ಣ ಕರಗಿಸುವ ಥಿನ್ನರ್. ಹತ್ತಿಯನ್ನು ಅದ್ದಿದರು, ಸುತ್ತಲೂ ಒರೆಸಿದರು. ಕಿಟಕಿಯ ಸರಳಿಗೆ ಅಂಟಿದ ಬಣ್ಣವನ್ನು ತೆಗೆಯುವ ಅದೇ ನಂಬಿಕೆಯ ಕೈ. ಅಂಟು ಹೋಯಿತು, ಒಂದು ಚೂರೂ ಉಳಿಯಲಿಲ್ಲ. ಅದರ ಜೊತೆಗೆ ಗೆರೆಗಳೂ ಹೋದವು. ಆ ಬಳೆಯ ತುಂಬ ರೆಕಾರ್ಡು ಕರಗಿ, ಆರಿ, ಚಪ್ಪಲಿಯ ಅಟ್ಟೆಯಂತೆ ಕಾಣುತ್ತಿತ್ತು. ಸೂಜಿ ಇಟ್ಟರೆ ಗರ್ ಎಂದಿತು. ನಮ್ಮ ಕಾರ್ಖಾನೆಯಂತೆಯೇ. ಅದೃಷ್ಟಕ್ಕೆ ಒಳಗಿನ ನಾಲ್ಕು ಹಾಡುಗಳೂ ಹಿಂದಿನ ಮಗ್ಗುಲೂ ಉಳಿದವು.

ಅತ್ತೆ ಮಾತ್ರ ಸಮಾಧಾನದಿಂದ, "ಈಗ ಕ್ಲೀನಾಯ್ತು ನೋಡು," ಎಂದರು.

ನಾನು ಒಳಗೆ ಹೋಗಿ ಮಲಗಿದೆ. ತಪ್ಪು ನನ್ನದಿರಬಹುದು, ಥಿನ್ನರ್ ನನ್ನದಲ್ಲ. ಏನೇ ಆಗಲಿ, ಕೆಟ್ಟದ್ದು ರಾಶಿಯಿಂದ ಹೊರಬಿತ್ತು, ಇನ್ನು ಶಾಂತಿ ಎಂದುಕೊಂಡೆ. ಕಣ್ಣು ಮುಚ್ಚಿದ್ದೇ ತಡ, ಹೊರಗಿನಿಂದ ಪೇಂಟರ್ ದನಿ ಕೇಳಿತು.

"ಈಗ ಉಳಿದ ಒಂಬತ್ತರಲ್ಲಿ ಯಾವುದು ಡಲ್ಲು?"

ರಾಶಿಯಿಂದ ಅತಿ ಕೆಟ್ಟದ್ದನ್ನು ತೆಗೆದರೆ ಇನ್ನೊಂದು ಅತಿ ಕೆಟ್ಟದ್ದು ತಾನಾಗಿಯೇ ಹುಟ್ಟುತ್ತದೆ. ಇದನ್ನು ಇಷ್ಟು ವರ್ಷ ಅದೇ ಕೆಲಸ ಮಾಡುವ ನಾನೇ ಮರೆತಿದ್ದೆ. ಅದಲ್ಲದೆ ಈಗ ಚರ್ಚೆ ಎರಡಾಯಿತು. ಮೊದಲನೆಯದು, ಉಳಿದವುಗಳಲ್ಲಿ ದುರ್ಬಲ ಯಾವುದು. ಎರಡನೆಯದು, ಅಗಲಿದ ಆರನೆಯದು ಎಷ್ಟು ಶ್ರೇಷ್ಠವಾಗಿತ್ತು. ಮುಂದಿನ ಭಾನುವಾರ ಭಾವ ಎದ್ದು ನಿಂತು, "ಆ ಹಾಡಿಲ್ಲದ ಎರಡನೆಯ ಮಗ್ಗುಲು ತಲೆಯಿಲ್ಲದ ದೇಹ," ಎಂದರು. ಪೇಂಟರ್ ಮೂಗು ಒರೆಸಿಕೊಂಡರು; ಕರಗಿಸಿದವರು ತಾವೇ ಎಂಬ ಪಾಪಪ್ರಜ್ಞೆಯಿಂದ ಅವರ ಶೋಕ ಎಲ್ಲರಿಗಿಂತ ದೊಡ್ಡದಾಗಿತ್ತು.

"ಹೇಗಿತ್ತು ಅದರ ಎರಡನೇ ಚರಣ? ತಾ... ನಾ... ರೀರೀ..." ಎಂದು ಇವರು ಶುರು ಮಾಡಿದರು.

"ಅಲ್ಲವೋ, ಕೆಳಗಿಂದ ಏಳ್ತಿತ್ತು. ನಾ... ರೀ..." ಪೇಂಟರ್.

"ಎರಡೂ ದಾಖಲೆಗೆ ವಿರುದ್ಧ," ಭಾವ. ಆಮೇಲೆ ಅವರೂ ಏನೋ ಹಾಡಿದರು. ಅದಕ್ಕೆ ಹೋಲಿಸಿದರೆ ಇವರಿಬ್ಬರದು ಸಂಗೀತ.

ನಾನು ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದೆ. ಮಲಗುವ ಆಸೆ ಬಿಟ್ಟಾಗಿತ್ತು. ಒಂದು ಸಲ ಸಹಿಸಿದೆ, ಎರಡು ಸಲ ಸಹಿಸಿದೆ. ಎಳೆ ತಪ್ಪಿದ್ದನ್ನು ನೋಡಿಕೊಂಡು ಸುಮ್ಮನಿರುವುದು ನನ್ನ ಜಾಯಮಾನವಲ್ಲ.

"ಅಲ್ಲಲ್ಲ!" ಎಂದು ಕೂಗಿಕೊಂಡು ಚಾಕು ಸಮೇತ ಹೊರಗೆ ಬಂದೆ. "ಅಲ್ಲಿ ಮೊದ್ಲು ಉಸಿರು ತಗೋತಾನೆ. ಆಮೇಲೆ ಮೇಲಿಂದ ಇಳೀತಾನೆ. ಇಳಿದು, ಇಲ್ಲಿ ಕೆಮ್ಮು, ಇಲ್ಲಿ ಕುರ್ಚಿ. ಗಿಟಾರ್ ನಿಲ್ಲುತ್ತೆ. ಆಮೇಲೆ ಡಿಂಗ್, ಡಿಡಿಂಗ್..." ಎಂದು ಹಾಡಿಯೇ ತೋರಿಸಿದೆ. ಮೊದಲಿನಿಂದ ಕೊನೆಯವರೆಗೆ. ತಪ್ಪು ಹುಡುಕಲು ಅಷ್ಟು ಸಲ ಕೇಳಿದ್ದೆನಲ್ಲ, ಒಂದಕ್ಷರ ಬಿಡದೆ ಬಾಯಿಗೆ ಬಂತು. ಕೆಮ್ಮನ್ನೂ ಬಿಡಲಿಲ್ಲ.

ಮೂವರೂ ಕುರ್ಚಿ ತಿರುಗಿಸಿ ನನ್ನ ಕಡೆ ಕೂತರು.

"ಅತ್ತಿಗೆ," ಎಂದರು ಪೇಂಟರ್. "ಇನ್ನೊಂದ್ಸಲ."

ಹಾಗೆ ನನ್ನ ನೇಮಕವಾಯಿತು. ಅಂದಿನಿಂದ ಪ್ರತಿ ಭಾನುವಾರ ಮೊದಲ ಮಗ್ಗುಲು ಮುಗಿದ ಮೇಲೆ ರೆಕಾರ್ಡ್ ತಿರುಗಿಸಿ, ಸೂಜಿಯನ್ನು ಮೇಲೆತ್ತಿ ಹಿಡಿದು, "ಲೇ, ಬಾರೇ, ಆರನೇದು!" ಎಂದು ಇವರು ಕೂಗುವುದು, ನಾನು ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತು ಹಾಡುವುದು, ಪೇಂಟರ್ ಸರಿಯಾದ ಜಾಗದಲ್ಲಿ ಕುರ್ಚಿ ಎಳೆಯುವುದು, ನಾನು ಮುಗಿಸುತ್ತಿದ್ದಂತೆ ಏಳನೆಯದಕ್ಕೆ ಸೂಜಿ ಇಳಿಯುವುದು. ಮೊದಮೊದಲು ಗೊಣಗಿದೆ. ಆಮೇಲೆ ಶನಿವಾರ ಸಂಜೆಯೇ ಬಿಸಿನೀರು ಕುಡಿದು ಗಂಟಲು ನೋಡಿಕೊಳ್ಳತೊಡಗಿದೆ. ಕಾರ್ಖಾನೆಯ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲವಾದ್ದರಿಂದ ಅಲ್ಲಿಯೂ ಅಭ್ಯಾಸ ಮಾಡಿದೆ. ಕೆಮ್ಮಿನಲ್ಲಂತೂ, ಹೇಳಿಕೊಳ್ಳಬಾರದು, ಮೂಲ ಗಾಯಕನಿಗಿಂತ ನನ್ನದೇ ಹೆಚ್ಚು ಹದವಾಗಿತ್ತು.

ಹೀಗಿರುವಾಗ ಒಂದು ಭಾನುವಾರ ನಾನು ಹಾಡಿ ಒಳಗೆ ಹೋದ ಮೇಲೆ ಹೊರಗೆ ಮೂವರೂ ಗುಸುಗುಸು ಮಾತಾಡಿಕೊಂಡರು. ಜಗಳದ ಸದ್ದಿಲ್ಲ. ಅದಕ್ಕೇ ನನಗೆ ದಿಗಿಲಾಯಿತು. ಭಾವ ನನ್ನನ್ನು ಕರೆದರು. ಎದ್ದು ನಿಂತಿದ್ದರು.

"ನೋಡಮ್ಮ, ಬಹುಕಾಲದಿಂದ ಬಾಕಿ ಉಳಿದಿದ್ದ ವಿವಾದ ಇಂದು ಇತ್ಯರ್ಥವಾಗಿದೆ. ಆಲ್ಬಮ್ಮಿನ ಅತ್ಯಂತ ದುರ್ಬಲ ಹಾಡು ಯಾವುದು ಎಂಬುದರ ಬಗ್ಗೆ ಮೂವರೂ ಏಕಾಭಿಪ್ರಾಯಕ್ಕೆ ಬಂದಿದ್ದೇವೆ."

"ಹೌದಾ?" ನನ್ನ ಮೈ ಹಗುರಾಯಿತು. "ಯಾವುದು? ಮೂರನೇದಾ?"

ಭಾವ ಕೆಮ್ಮಿದರು. (ಅದರಲ್ಲಿ ದುಃಖವಿರಲಿಲ್ಲ.) ಪೇಂಟರ್ ಕಿಟಕಿಯ ಬಣ್ಣ ಪರೀಕ್ಷಿಸತೊಡಗಿದರು. ನನ್ನ ಗಂಡ ಕನ್ನಡಕ ತೆಗೆದು ಒರೆಸಿದರು. ಒರೆಸುವಾಗ ಅವರಿಗೆ ನನ್ನ ಮುಖ ಕಾಣುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು.

"ಆರನೇದು," ಎಂದರು. "ಅಂದ್ರೆ... ಈಗಿನ ಆರನೇದು."

"ಸರ್ವಾನುಮತದ ತೀರ್ಪು," ಎಂದು ಭಾವ ಸೇರಿಸಿದರು. "ತಾಯಿಯವರದ್ದೂ ಸೇರಿ."

ಅತ್ತೆಯ ಕಡೆ ನೋಡಿದೆ. ತಲೆದೂಗುತ್ತಿದ್ದರು.

"ನೀವೇ ಕೇಳಿದ್ದಲ್ವಾ ಅತ್ತಿಗೆ, ಚರ್ಚೆ ಮುಗಿಸಿ ಅಂತ," ಎಂದರು ಪೇಂಟರ್ ಮೆತ್ತಗೆ. "ಮುಗೀತು. ಇನ್ನು ಮೇಲೆ ನಿಮಗೆ ತೊಂದರೆ ಇಲ್ಲ. ಆರಾಮಾಗಿ ಮಲಗಿ."

ಚಪ್ಪಲಿ ಮೆಟ್ಟಿಕೊಂಡು ಭಾವ, ಪೇಂಟರ್ ಇಬ್ಬರೂ ಹೊರಟೇಬಿಟ್ಟರು. ಭಿನ್ನಾಭಿಪ್ರಾಯವೇ ಇಲ್ಲದ ಮೇಲೆ ಅವರಿಗೆ ನಮ್ಮ ಮನೆಯಲ್ಲಿ ಕೆಲಸವೇನು? ರೆಕಾರ್ಡು ಕವರಿಗೆ ಸೇರಿತು. ಅತ್ತೆ ಕುರ್ಚಿಯಲ್ಲೇ ತೂಕಡಿಸಿದರು. ನನ್ನ ಗಂಡ ಚಾಪೆ ಹಾಸಿಕೊಂಡು, ಗೆದ್ದವರ ನಿದ್ದೆಗೆ ಜಾರಿದರು.

ಮನೆ ನಿಶ್ಶಬ್ದವಾಯಿತು. ಎಷ್ಟು ವರ್ಷ ಬಯಸಿದ ನಿಶ್ಶಬ್ದ! ಒಳಕೋಣೆಯಲ್ಲಿ ದಿಂಬು ಸರಿಮಾಡಿಕೊಂಡು ಮಲಗಿದೆ. ಕಣ್ಣು ಮುಚ್ಚಿದೆ. ಎಡಕ್ಕೆ ಹೊರಳಿದೆ. ನನ್ನ ಹಾಡಿನಲ್ಲಿ ದುರ್ಬಲವಾದದ್ದು ಏನು? ಬಲಕ್ಕೆ ಹೊರಳಿದೆ. ದನಿ ಸ್ವಲ್ಪ ಒಡೆಯುತ್ತದೆ, ಒಪ್ಪಿದೆ, ಆದರೆ ಒಂದೇ ಸಮನೆ ಒಡೆಯುತ್ತದೆ. ಸಮನಾದ ತಪ್ಪು ವಿನ್ಯಾಸ. ಬೋರಲಾದೆ. ಮೂರನೆಯದರಲ್ಲಿ ಡ್ರಮ್ಮು ಹಿಂದೆ ಬೀಳುವುದನ್ನು ಆ ದಿನ ನಾನೇ ಪಾಸು ಮಾಡಿದ್ದೆ, ಕರುಣೆಯಿಂದ. ಈಗ ನೆನಪಿಸಿಕೊಂಡರೆ, ಕೊನೆಯಲ್ಲಿ ಆ ಡ್ರಮ್ಮರ್ ಇನ್ನೂ ಒಂದು ಹೆಜ್ಜೆ ಜಾರುತ್ತಾನೆ. ಜಾರುತ್ತಾನಾ? ಹೌದು, ಜಾರುತ್ತಾನೆ. ಅಂದಮೇಲೆ ಅದು ಸಮನಾದ ತಪ್ಪಲ್ಲ. ಇಂಥದ್ದನ್ನು ಪಾಸು ಮಾಡಿ, ನನ್ನನ್ನು ರಿಜೆಕ್ಟ್ ಮಾಡುವುದೆಂದರೆ! ಕಾಲು ಬೆರಳುಗಳು ತಾವಾಗಿಯೇ ತಾಳ ಹಾಕುತ್ತಿದ್ದವು. ಎದ್ದು ಕೂತೆ.

ಬಾಲ್ಕನಿಗೆ ಓಡಿದೆ. ಕೆಳಗೆ ರಸ್ತೆಯಲ್ಲಿ ಪೇಂಟರ್ ಸೈಕಲ್ಲಿನ ಬೀಗ ತೆಗೆಯುತ್ತಿದ್ದರು. ಭಾವ ಪಕ್ಕದಲ್ಲಿ ನಿಂತು ಏನೋ ಆದೇಶ ಕೊಡುತ್ತಿದ್ದರು.

"ಪೇಂಟ್ರೇ! ಭಾವಾ! ವಾಪಸ್ ಬನ್ನಿ ಮೇಲಕ್ಕೆ!"

ಭಾವ ತಲೆಯೆತ್ತಿದರು. "ತೀರ್ಪು ಆಗಿದೆಯಮ್ಮ. ಇನ್ನು ಮೇಲ್ಮನವಿಗೆ ಹೊಸ ಸಾಕ್ಷ್ಯ ಬೇಕಾಗುತ್ತೆ."

"ಇದೆ! ಮೂರನೇದ್ರಲ್ಲಿ, ಕೊನೇಲಿ, ಇನ್ನೊಂದು ಹೆಜ್ಜೆ ಜಾರ್ತಾನೆ! ಬನ್ನಿ, ತೋರಿಸ್ತೀನಿ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಪೇಂಟರ್ ಸೈಕಲ್ಲಿಗೆ ಮತ್ತೆ ಬೀಗ ಹಾಕಿದರು.

ನಾನು ಒಳಗೆ ಬಂದು ಕವರಿನಿಂದ ರೆಕಾರ್ಡ್ ತೆಗೆದು, ಮೊದಲ ಮಗ್ಗುಲು ಮೇಲೆ ಬರುವಂತೆ ಇಟ್ಟು, ಮೂರನೆಯ ಬಳೆಗೆ ಸೂಜಿ ಇಳಿಸಿ ಸದ್ದನ್ನು ಪೂರ್ತಿ ಏರಿಸಿದೆ. ಕ್ಯಾಲೆಂಡರ್ ಅಲ್ಲಾಡಿತು. ಚಾಪೆಯ ಮೇಲೆ ನನ್ನ ಗಂಡ ತಲೆಯ ಮೇಲೆ ದಿಂಬು ಒತ್ತಿಕೊಂಡು ನರಳಿದರು.

"ಲೇ, ಭಾನುವಾರ ಕಣೇ! ಸ್ವಲ್ಪ ಮಲಗೋಕ್ ಬಿಡೇ!"

"ಏಳ್ರೀ," ಎಂದೆ, ದಿಂಬು ಕಿತ್ತುಕೊಂಡು. "ಮಲಗೋದು ಆಮೇಲೆ. ಮೊದ್ಲು ಈ ಡ್ರಮ್ಮು ಕೇಳಿ."